ಪರ್ಮಿಷನ್ ಕೇಳದೆಯೇ ಆ್ಯಪ್‌ಗಳು ಏನೇನು ಓದಬಹುದು? ಮೊಬೈಲ್ ಸೆನ್ಸರ್‌ಗಳ ಸಂಪೂರ್ಣ ಮಾಹಿತಿ, ನೀವೇ ಪರೀಕ್ಷಿಸುವ ವಿಧಾನ ಇಲ್ಲಿದೆ

ಶಿವಮೊಗ್ಗ: ಹೊಸ ಆ್ಯಪ್ ಹಾಕಿಕೊಂಡ ಕೂಡಲೇ ಲೊಕೇಶನ್ ಕೊಡ್ಲಾ, ಮೈಕ್ ಕೊಡ್ಲಾ, ಕ್ಯಾಮೆರಾ ಕೊಡ್ಲಾ ಅಂತ ಮೊಬೈಲ್ ಕೇಳುತ್ತೆ. ತುಂಬಾ ಜನ ಓದದೇ ‘ಅಲೋ’ ಒತ್ತುತ್ತಾರೆ. ಸ್ವಲ್ಪ ಹುಷಾರಾಗಿರುವವರು ‘ಡೋಂಟ್ ಅಲೋ’ ಒತ್ತಿ, ಇನ್ನೇನೂ ತೊಂದರೆ ಇಲ್ಲ ಅಂತ ನಿರಾಳರಾಗುತ್ತಾರೆ. ಆದರೆ ಈ ಪ್ರಶ್ನೆಯನ್ನೇ ಕೇಳದೆ ಆ್ಯಪ್‌ಗಳು ಓದಬಹುದಾದ ಸೆನ್ಸರ್‌ಗಳು ಫೋನ್‌ನಲ್ಲಿವೆ. ಫೋನ್ ಅಲುಗಾಡಿದ್ದು, ವಾಲಿದ್ದು, ತಿರುಗಿದ್ದು ಎಲ್ಲವೂ ಅದರಲ್ಲಿ ದಾಖಲಾಗುತ್ತೆ.

‘ಫೋನ್ ಅಲುಗಾಡಿದ್ದು ಗೊತ್ತಾದ್ರೆ ಏನಾಯ್ತು?’ ಅನ್ನೋದು ಸಹಜ ಪ್ರಶ್ನೆ. ಅದಕ್ಕೆ ಉತ್ತರ ಓದಿ ತಿಳಿಯೋದಕ್ಕಿಂತ ಕಣ್ಣಾರೆ ನೋಡೋದು ಒಳ್ಳೆಯದು. ಒಂದು ಉಚಿತ ಆ್ಯಪ್, ಒಂದು ಫೋನ್, ಹತ್ತು ನಿಮಿಷ ಸಮಯ ಇದ್ದರೆ ಮನೆಯಲ್ಲೇ ಮಾಡಿ ನೋಡಬಹುದು. ಪಿಯು ಕಾಲೇಜುಗಳ ಫಿಸಿಕ್ಸ್ ಲ್ಯಾಬ್‌ನಲ್ಲೂ ಮಾಡಿ ತೋರಿಸಬಹುದು.

ಫೋನ್ ಒಳಗೆ ಏನಿದೆ?

ಎಲ್ಲ ಸ್ಮಾರ್ಟ್‌ಫೋನ್‌ಗಳಲ್ಲೂ ಇರುವುದು ಆಕ್ಸೆಲೆರೋಮೀಟರ್. ಫೋನ್ ಅಡ್ಡ ಹಿಡಿದಾಗ ವಿಡಿಯೋ ಅಡ್ಡಕ್ಕೆ ತಿರುಗುತ್ತಲ್ಲ, ಅದು ಇದರ ಕೆಲಸ. ಫೋನ್ ಎತ್ತ ಚಲಿಸುತ್ತಿದೆ, ಭೂಮಿ ಯಾವ ಕಡೆಗೆ ಎಳೆಯುತ್ತಿದೆ ಎಂಬುದನ್ನು ಮೂರು ದಿಕ್ಕಿನಲ್ಲಿ ಅಳೆಯುತ್ತದೆ. ಟೇಬಲ್ ಮೇಲೆ ಅಂಗಾತ ಇಟ್ಟ ಫೋನ್‌ನಲ್ಲಿ ಎರಡು ದಿಕ್ಕಿನ ಅಂಕಿ ಸೊನ್ನೆಯ ಹತ್ತಿರ, ಮೂರನೆಯದು 9.8ರ ಹತ್ತಿರ ಇರುತ್ತದೆ. ಹೈಸ್ಕೂಲಿನಲ್ಲಿ ಓದಿದ ಗುರುತ್ವದ ಅದೇ 9.8.

ಜೈರೋಸ್ಕೋಪ್ ಎಂಬುದು ಫೋನ್ ಎಷ್ಟು ವೇಗವಾಗಿ ತಿರುಗಿತು ಅನ್ನೋದನ್ನು ಅಳೆಯುವ ಸೆನ್ಸರ್. ಮ್ಯಾಗ್ನೆಟೋಮೀಟರ್ ಅಂದರೆ ದಿಕ್ಸೂಚಿ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ ಇರುತ್ತೆ, ಆಯಸ್ಕಾಂತ ಇರುವ ಫೋನ್ ಕವರ್ ಅಥವಾ ಮೋಟರ್ ಹತ್ತಿರ ಬಂದರೆ ಅಂಕಿ ಜಿಗಿಯುತ್ತೆ. ಬೆಳಕಿನ ಸೆನ್ಸರ್, ಕಿವಿಗಿಟ್ಟಾಗ ಸ್ಕ್ರೀನ್ ಆರಿಸುವ ಪ್ರಾಕ್ಸಿಮಿಟಿ ಸೆನ್ಸರ್ ಬೇರೆ. ದುಬಾರಿ ಫೋನ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಕೂಡ ಇರುತ್ತದೆ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಜೈರೋಸ್ಕೋಪ್ ಮತ್ತು ಬ್ಯಾರೋಮೀಟರ್ ಇರುವುದಿಲ್ಲ. ಈ ವಿಷಯದಲ್ಲಿ ಮಾತ್ರ ಅಗ್ಗದ ಫೋನೇ ವಾಸಿ ಎನ್ನಬಹುದು.

ಇವುಗಳ ಜೊತೆ ಎಲ್ಲರಿಗೂ ಗೊತ್ತಿರುವ ಜಿಪಿಎಸ್, ಮೈಕ್, ಕ್ಯಾಮೆರಾ, ವೈಫೈ, ಬ್ಲೂಟೂತ್ ಇದ್ದೇ ಇವೆ.

ಯಾವುದಕ್ಕೆ ಪರ್ಮಿಷನ್ ಬೇಕು, ಯಾವುದಕ್ಕೆ ಬೇಡ?

ಆ್ಯಂಡ್ರಾಯ್ಡ್‌ನಲ್ಲಿ ಲೊಕೇಶನ್, ಮೈಕ್, ಕ್ಯಾಮೆರಾಕ್ಕೆ ಆ್ಯಪ್ ನಿಮ್ಮನ್ನು ಕೇಳಲೇಬೇಕು. ಹೆಜ್ಜೆ ಎಣಿಸುವ ಸೌಲಭ್ಯಕ್ಕೂ 2019ರಲ್ಲಿ ಬಂದ ಆ್ಯಂಡ್ರಾಯ್ಡ್ 10ರಿಂದ ಒಪ್ಪಿಗೆ ಬೇಕು. ಆದರೆ ಆಕ್ಸೆಲೆರೋಮೀಟರ್, ಜೈರೋಸ್ಕೋಪ್, ದಿಕ್ಸೂಚಿ, ಬೆಳಕಿನ ಸೆನ್ಸರ್‌ಗಳ ಅಂಕಿಗಳನ್ನು ಓದಲು ಯಾವ ಪ್ರಶ್ನೆಯೂ ಬರೋದಿಲ್ಲ. ಇಲ್ಲೊಂದು ವಿಚಿತ್ರ ಇದೆ ನೋಡಿ. ‘ಈತ ಎಷ್ಟು ಹೆಜ್ಜೆ ನಡೆದ’ ಎಂದು ತಿಳಿಯಲು ಒಪ್ಪಿಗೆ ಬೇಕು, ಆದರೆ ಹೆಜ್ಜೆ ಲೆಕ್ಕ ಹಾಕಲು ಬಳಸುವ ಮೂಲ ಅಂಕಿಗಳನ್ನು ಓದಲು ಬೇಡ. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆಗೆದಿಟ್ಟ ಹಾಗೆ.

ಗೂಗಲ್ ಏನೂ ಮಾಡಿಲ್ಲ ಅಂತಲ್ಲ. 2018ರ ಆ್ಯಂಡ್ರಾಯ್ಡ್ 9ರಿಂದ, ಹಿನ್ನೆಲೆಯಲ್ಲಿ ಸುಮ್ಮನಿರುವ ಆ್ಯಪ್‌ಗಳಿಗೆ ಈ ಸೆನ್ಸರ್‌ಗಳ ಅಂಕಿ ನಿರಂತರವಾಗಿ ಸಿಗುವುದಿಲ್ಲ. ಆ್ಯಪ್ ತೆರೆದಿರಬೇಕು, ಇಲ್ಲವೇ ಮೇಲಿನ ಪಟ್ಟಿಯಲ್ಲಿ ನೋಟಿಫಿಕೇಶನ್ ತೋರಿಸುತ್ತಾ ಓಡುತ್ತಿರಬೇಕು. 2021ರ ಆ್ಯಂಡ್ರಾಯ್ಡ್ 12ರಿಂದ ಚಲನೆಯ ಸೆನ್ಸರ್‌ಗಳನ್ನು ಸೆಕೆಂಡಿಗೆ 200 ಬಾರಿಗಿಂತ ಹೆಚ್ಚು ಓದಲು ಡೆವಲಪರ್‌ಗಳು ಪ್ರತ್ಯೇಕವಾಗಿ ಘೋಷಿಸಬೇಕು. ಆದರೆ ಆ ಘೋಷಣೆ ಗೂಗಲ್‌ಗೆ ಗೊತ್ತಾಗುತ್ತೆ ಅಷ್ಟೇ, ಬಳಸುವವರ ಸ್ಕ್ರೀನ್ ಮೇಲೆ ಏನೂ ಬರೋದಿಲ್ಲ.

ಆ್ಯಪ್ ಅಷ್ಟೇ ಅಲ್ಲ, ವೆಬ್‌ಸೈಟ್‌ಗಳೂ ಚಲನೆಯ ಸೆನ್ಸರ್ ಓದಬಲ್ಲವು. ಐಫೋನ್‌ನ ಸಫಾರಿ ಬ್ರೌಸರ್‌ನಲ್ಲಿ 2019ರಿಂದ ಇದಕ್ಕೆ ಒಪ್ಪಿಗೆ ಬೇಕು. ಆ್ಯಂಡ್ರಾಯ್ಡ್ ಕ್ರೋಮ್‌ನಲ್ಲಿ ಇದು ಮೊದಲೇ ಆನ್ ಆಗಿರುತ್ತದೆ, ಬೇಡವಾದರೆ ನೀವೇ ಹುಡುಕಿ ಆಫ್ ಮಾಡಬೇಕು.

ನಿಮ್ಮ ಫೋನ್‌ನಲ್ಲೇ ನೋಡುವುದು ಹೇಗೆ?

ಇದಕ್ಕೆ ಸುಲಭದ ದಾರಿ ಫೈಫಾಕ್ಸ್ ಎಂಬ ಆ್ಯಪ್. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳ ಭೌತಶಾಸ್ತ್ರ ಪ್ರಯೋಗಕ್ಕಾಗಿ ಮಾಡಿದ್ದು. ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಎರಡರಲ್ಲೂ ಉಚಿತ. ಅಳತೆಗಳು ನಿಮ್ಮ ಫೋನ್‌ನಲ್ಲೇ ಉಳಿಯುತ್ತವೆ, ನೀವಾಗಿಯೇ ಕಳಿಸಿದರೆ ಮಾತ್ರ ಹೊರಗೆ ಹೋಗುತ್ತವೆ.

ಆ್ಯಪ್ ತೆರೆದರೆ ಸೆನ್ಸರ್‌ಗಳ ಪಟ್ಟಿ ಬರುತ್ತದೆ. ನಿಮ್ಮ ಫೋನ್‌ನಲ್ಲಿ ಇಲ್ಲದ ಸೆನ್ಸರ್‌ನ ಹೆಸರು ಮಸುಕಾಗಿ ಕಾಣುತ್ತೆ. ಅಲ್ಲಿಗೆ ನಿಮ್ಮ ಫೋನ್‌ನಲ್ಲಿ ಏನಿದೆ, ಏನಿಲ್ಲ ಎಂಬುದು ಗೊತ್ತಾಯಿತು. ಈಗ ‘ಆಕ್ಸೆಲರೇಶನ್ ವಿತ್ ಜಿ’ ಆಯ್ಕೆ ಮಾಡಿ, ಮೇಲಿರುವ ತ್ರಿಕೋನದ ಬಟನ್ ಒತ್ತಿ. ಮೂರು ಗೆರೆ ಓಡಲು ಶುರುವಾಗುತ್ತೆ. ಗಮನಿಸಿ, ಇಷ್ಟು ಹೊತ್ತಾದರೂ ಫೋನ್ ನಿಮ್ಮನ್ನು ಏನೂ ಕೇಳಿರುವುದಿಲ್ಲ.

ಫೋನನ್ನು ಟೇಬಲ್ ಮೇಲಿಟ್ಟು ಪಕ್ಕದಲ್ಲಿ ಬೆರಳಿಂದ ತಟ್ಟಿ. ಪ್ರತಿ ತಟ್ಟಿಗೂ ಗೆರೆ ಜಿಗಿಯುತ್ತೆ. ಕೈಯಲ್ಲಿ ಹಿಡಿದು ನಿಂತರೆ ಸಣ್ಣ ನಡುಕ ಕಾಣುತ್ತೆ. ಜೇಬಿಗೆ ಹಾಕಿಕೊಂಡು ನಡೆದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡರಂತೆ ಒಂದೇ ಸಮನಾದ ಏರಿಳಿತ ಬರುತ್ತೆ, ಅದೇ ಹೆಜ್ಜೆ. ಓಡಿದರೆ ಏರಿಳಿತ ದೊಡ್ಡದಾಗಿ, ಹತ್ತಿರ ಹತ್ತಿರ ಬರುತ್ತೆ. ಮೆಟ್ಟಿಲು ಇಳಿಯುವಾಗ ಹತ್ತುವಾಗಿಗಿಂತ ಪೆಟ್ಟು ಜೋರು. ಕೂತಾಗ ಜೇಬಿನಲ್ಲಿರುವ ಫೋನ್ ಅಡ್ಡಕ್ಕೆ ವಾಲುವುದರಿಂದ ಆ 9.8 ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಸರಿಯುತ್ತೆ. ಕೂತಿದ್ದಾರಾ, ನಿಂತಿದ್ದಾರಾ, ಮಲಗಿದ್ದಾರಾ ಅನ್ನೋದು ಇಷ್ಟರಿಂದಲೇ ಊಹಿಸಬಹುದು. ಬಸ್ಸಿನಲ್ಲಿ ಕೂತು ನೋಡಿದರೆ ಇನ್ನೂ ಸ್ಪಷ್ಟ. ಎಂಜಿನ್ ಆನ್ ಇದ್ದು ಬಸ್ ನಿಂತಿರುವಾಗಿನ ನಡುಕವೇ ಬೇರೆ, ಓಡುವಾಗಿನದ್ದೇ ಬೇರೆ. ಹಂಪ್ ಬಂದರೆ ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ಅಂತ ಜೋಡಿ ಜಿಗಿತ.

ಕ್ಲಾಸಿನಲ್ಲಿ ತೋರಿಸುವುದಾದರೆ ‘ಅಲೋ ರಿಮೋಟ್ ಆ್ಯಕ್ಸೆಸ್’ ಎಂಬ ಆಯ್ಕೆ ಮೆನುವಿನಲ್ಲಿದೆ. ಅದನ್ನು ಆನ್ ಮಾಡಿದರೆ ಸ್ಕ್ರೀನ್ ಕೆಳಗೆ ಒಂದು ವಿಳಾಸ ಬರುತ್ತೆ. ಅದೇ ವೈಫೈ ಅಥವಾ ಹಾಟ್‌ಸ್ಪಾಟ್‌ನಲ್ಲಿರುವ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಆ ವಿಳಾಸ ಹಾಕಿದರೆ ಫೋನ್‌ನ ಗ್ರಾಫ್ ಅಲ್ಲಿಯೂ ಓಡುತ್ತೆ. ಒಬ್ಬ ವಿದ್ಯಾರ್ಥಿ ಫೋನ್ ಜೇಬಿಗೆ ಹಾಕಿಕೊಂಡು ಕಾರಿಡಾರ್‌ಗೆ ಹೋಗಲಿ. ನಿಲ್ಲೋದು, ನಡೆಯೋದು, ಕುಳಿತುಕೊಳ್ಳೋದು, ಜಿಗಿಯೋದು ಯಾವುದಾದರೂ ಮಾಡಲಿ. ಒಳಗಿರುವವರು ಪ್ರೊಜೆಕ್ಟರ್ ನೋಡಿ ಹೇಳಲಿ. ಎರಡು ಮೂರು ಸುತ್ತು ಆಗುವಷ್ಟರಲ್ಲಿ ಗೆರೆ ಓದೋದು ಎಲ್ಲರಿಗೂ ಅಭ್ಯಾಸ ಆಗುತ್ತೆ. ಕಂಪ್ಯೂಟರ್ ಪ್ರೋಗ್ರಾಂ ಮಾಡುವುದೂ ಇದನ್ನೇ, ಆದರೆ ಸುಸ್ತಾಗದೆ ಮಾಡುತ್ತೆ.

ಅಳತೆ ನಡೆಯುವಾಗ ಆ್ಯಪ್ ತೆರೆದೇ ಇರಬೇಕು, ಸ್ಕ್ರೀನ್ ಆಫ್ ಮಾಡಬಾರದು. ಪ್ರಯೋಗ ಮಾಡಲು ಒಪ್ಪಿದವರ ಫೋನ್ ಮಾತ್ರ ಬಳಸಬೇಕು, ಮುಗಿದ ಮೇಲೆ ಫೈಲ್ ಅಳಿಸಬೇಕು. ಮಕ್ಕಳಿಗೆ ಇದನ್ನು ಹೇಳಿಕೊಡುವ ಉದ್ದೇಶವೇ ಅದಾಗಿರುವಾಗ, ಹೇಳಿಕೊಡುವವರೇ ಆ ನಿಯಮ ಮುರಿದರೆ ಚೆನ್ನಾಗಿರಲ್ಲ.

‘ಎಕ್ಸ್‌ಪೋರ್ಟ್ ಡೇಟಾ’ ಒತ್ತಿದರೆ ಎಕ್ಸೆಲ್ ಫೈಲ್ ಸಿಗುತ್ತೆ. ಸಮಯಕ್ಕೆ ಒಂದು ಕಾಲಂ, ಮೂರು ದಿಕ್ಕಿಗೆ ಮೂರು ಕಾಲಂ. ಸೆಕೆಂಡಿಗೆ 100 ಬಾರಿ ಓದಿದರೆ ಒಂದು ದಿನಕ್ಕೆ 86 ಲಕ್ಷದ 40 ಸಾವಿರ ಸಾಲು ಆಗುತ್ತೆ. ಎಕ್ಸೆಲ್ ಶೀಟ್‌ನಲ್ಲಿ ಇರುವುದೇ ಸುಮಾರು 10 ಲಕ್ಷದ 48 ಸಾವಿರ ಸಾಲು, ಮೂರು ಗಂಟೆಯೊಳಗೆ ತುಂಬಿಹೋಗುತ್ತೆ.

ಜಿಪಿಎಸ್ ಆಫ್ ಮಾಡಿದರೆ ಜಾಗ ಗೊತ್ತಾಗಲ್ವಾ?

ಜಿಲ್ಲೆಯವರಿಗೆಲ್ಲ ಗೊತ್ತಿರುವ ಒಂದು ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತೀರ್ಥಹಳ್ಳಿ ಕಡೆಯಿಂದ ಒಂದು ಕಾರು ಆಗುಂಬೆ ಮೂಲಕ ಉಡುಪಿಗೆ ಹೊರಟಿದೆ ಅಂದುಕೊಳ್ಳಿ. ಒಳಗಿರುವ ಫೋನ್‌ನಲ್ಲಿ ಲೊಕೇಶನ್ ಆಫ್. ಆದರೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಪ್ರತಿಯೊಂದೂ ಜೈರೋಸ್ಕೋಪ್‌ನಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ದೊಡ್ಡ ಅಲೆಯಾಗಿ ಬರುತ್ತದೆ. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ. ಕರಾವಳಿಗೆ ಇಳಿಯುವಷ್ಟರಲ್ಲಿ ಬ್ಯಾರೋಮೀಟರ್‌ನಲ್ಲಿ ಗಾಳಿಯ ಒತ್ತಡ ಸುಮಾರು 70 ಹೆಕ್ಟೋಪಾಸ್ಕಲ್ ಏರಿರುತ್ತೆ. ದಿಕ್ಸೂಚಿ ಪಶ್ಚಿಮ ತೋರಿಸುತ್ತಿರುತ್ತೆ. ಇಷ್ಟು ಎತ್ತರ, ಇಷ್ಟು ತಿರುವು, ಇದೇ ಕ್ರಮ, ಇದೇ ದಿಕ್ಕು ಇರುವ ರಸ್ತೆ ಎಷ್ಟಿದೆ? ಹುಲಿಕಲ್ ಘಾಟಿಯೂ ಕರಾವಳಿಗೇ ಇಳಿಯುತ್ತೆ, ಆದರೆ ಅದರ ತಿರುವುಗಳ ಕ್ರಮವೇ ಬೇರೆ. ಘಾಟಿ ಇಳಿದಿದ್ದು ಯಾವ ಗಂಟೆಗೆ, ಎಷ್ಟು ಹೊತ್ತು ಹಿಡಿಯಿತು ಅನ್ನೋದೂ ಅದೇ ಫೈಲ್‌ನಲ್ಲಿರುತ್ತೆ.

ಇದು ಬರೀ ಊಹೆ ಅಲ್ಲ. ಆಕ್ಸೆಲೆರೋಮೀಟರ್‌ನ ಅಂಕಿಗಳನ್ನು ರಸ್ತೆ ನಕ್ಷೆಗೆ ಹೊಂದಿಸಿ ಕಾರು ಎಲ್ಲಿದೆ ಎಂದು ಪತ್ತೆ ಹಚ್ಚಬಹುದು ಎಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲೇ ತೋರಿಸಿದ್ದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ ‘ಪಿನ್‌ಮಿ’ ಎಂಬ ಸಂಶೋಧನೆಯಲ್ಲಿ ಗಾಳಿಯ ಒತ್ತಡ, ಟೈಮ್‌ಝೋನ್‌ನಂಥ ಮಾಹಿತಿಯನ್ನೂ ಸೇರಿಸಿ, ಜಿಪಿಎಸ್ ಇಲ್ಲದೆ ಪ್ರಯಾಣವನ್ನು ಗುರುತಿಸಿತು.

ಪಿನ್ ಕದಿಯಬಹುದಾ, ಮಾತು ಕೇಳಬಹುದಾ?

ಇಲ್ಲಿ ಹೆದರಿಸುವ ವಾಟ್ಸಾಪ್ ಫಾರ್ವರ್ಡ್‌ಗಳು ಜಾಸ್ತಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಸ್ಕ್ರೀನ್ ಮೇಲೆ 1 ಒತ್ತಿದಾಗ ಫೋನ್ ವಾಲುವ ರೀತಿಗೂ 9 ಒತ್ತಿದಾಗ ವಾಲುವ ರೀತಿಗೂ ಸಣ್ಣ ವ್ಯತ್ಯಾಸ ಇರುತ್ತದೆ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಹಿಡಿದು, ಬರೀ ಒಂದು ವೆಬ್ ಪುಟದ ಮೂಲಕ ಸೆನ್ಸರ್ ಓದಿ, ನಾಲ್ಕಂಕಿಯ ಪಿನ್ ಊಹಿಸುವ ಪ್ರಯೋಗ ಮಾಡಿದರು. 2017ರಲ್ಲಿ ಅದರ ವಿವರ ಸುದ್ದಿಯಾಯಿತು. ಮೊದಲ ಊಹೆಯೇ ಶೇ 74ರಷ್ಟು ಸರಿ ಇತ್ತು. ಆದರೆ ಆ ಪ್ರಯೋಗ ನಡೆದಿದ್ದು ಮೊದಲೇ ಆರಿಸಿಟ್ಟ 50 ಪಿನ್‌ಗಳ ಗುಂಪಿನಲ್ಲಿ. ನಿಜ ಜೀವನದಲ್ಲಿ ನಾಲ್ಕಂಕಿಯ ಪಿನ್ 10,000 ರೀತಿ ಇರಬಹುದು, ಆರಂಕಿಯದ್ದಾದರೆ 10 ಲಕ್ಷ. ಹಾಗಾಗಿ ಯುಪಿಐ ಪಿನ್‌ಗೆ ನಾಲ್ಕರ ಬದಲು ಆರಂಕಿ ಇಟ್ಟುಕೊಳ್ಳೋದು ಒಳ್ಳೆಯದು. ಇನ್ನು ಪ್ರತಿದಿನ ಠಾಣೆಗೆ ಬರುವ ಹಣ ವಂಚನೆಯ ದೂರುಗಳಲ್ಲಿ ಕಾಣೋದು ಓಟಿಪಿ ಹೇಳಿದ್ದು, ಲಿಂಕ್ ಒತ್ತಿದ್ದು, ಎಪಿಕೆ ಫೈಲ್ ಹಾಕಿಕೊಂಡಿದ್ದು. ಸೆನ್ಸರ್ ನೋಡಿ ಪಿನ್ ಊಹಿಸುವಷ್ಟು ಕಷ್ಟ ಪಡುವ ಅಗತ್ಯ ಕಳ್ಳರಿಗೆ ಇನ್ನೂ ಬಂದಿಲ್ಲ.

ಮಾತಿನ ವಿಷಯವೂ ಹಾಗೇ. ಸ್ಟ್ಯಾನ್‌ಫರ್ಡ್ ಸಂಶೋಧಕರು 2014ರಲ್ಲಿ ಜೈರೋಸ್ಕೋಪ್ ಕೂಡ ಧ್ವನಿಯ ಕಂಪನವನ್ನು ಸ್ವಲ್ಪ ಮಟ್ಟಿಗೆ ಹಿಡಿಯುತ್ತೆ ಎಂದು ತೋರಿಸಿದರು. ಕೆಲವೇ ಪದಗಳನ್ನು, ಪ್ರಯೋಗಾಲಯದಲ್ಲಿ ಗುರುತಿಸಿದ್ದು ಅದು. ಸಂತೆಯ ಗದ್ದಲದಲ್ಲಿ ಜೇಬಿನ ಫೋನ್ ನಿಮ್ಮ ಮಾತನ್ನು ಈ ದಾರಿಯಲ್ಲಿ ಕದಿಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ.

ಒಳ್ಳೆಯ ಬಳಕೆಯೂ ಇದೆ. ಭೂಕಂಪದ ಮೊದಲ ಅಲೆಯನ್ನು ಸಾವಿರಾರು ಫೋನ್‌ಗಳ ಆಕ್ಸೆಲೆರೋಮೀಟರ್‌ಗಳಿಂದ ಗುರುತಿಸಿ ಎಚ್ಚರಿಸುವ ಗೂಗಲ್‌ನ ವ್ಯವಸ್ಥೆ 2023ರ ಸೆಪ್ಟೆಂಬರ್‌ನಿಂದ ಭಾರತದಲ್ಲೂ ಇದೆ.

ಎಲ್ಲಕ್ಕಿಂತ ದೊಡ್ಡದು ಲೊಕೇಶನ್

ಸೆನ್ಸರ್‌ಗಳ ಪೈಕಿ ಜನರ ಬದುಕಿಗೆ ನಿಜವಾಗಿ ತಟ್ಟುತ್ತಿರುವುದು ನಾವೇ ‘ಅಲೋ’ ಒತ್ತಿ ಕೊಡುವ ಲೊಕೇಶನ್. ಫೈಫಾಕ್ಸ್‌ನಲ್ಲಿ ಲೊಕೇಶನ್ ಪ್ರಯೋಗ ತೆರೆದರೆ (ಇದಕ್ಕೆ ಪರ್ಮಿಷನ್ ಕೇಳುತ್ತೆ) ಅಕ್ಷಾಂಶ, ರೇಖಾಂಶದ ಅಂಕಿಗಳು ಕಾಣುತ್ತವೆ. ಶಿವಮೊಗ್ಗ ನಗರದಲ್ಲಿ ಅದು 13.93, 75.57ರ ಆಸುಪಾಸು. ಚುಕ್ಕಿಯ ನಂತರ ಎರಡು ಅಂಕಿ ಇದ್ದರೆ ಸುಮಾರು ಒಂದು ಕಿಲೋಮೀಟರ್‌ವರೆಗೆ ವ್ಯತ್ಯಾಸ ಇರಬಹುದು, ಅಂದರೆ ಯಾವ ಬಡಾವಣೆ ಅಂತ ಗೊತ್ತಾಗುತ್ತೆ. ನಾಲ್ಕು ಅಂಕಿ ಇದ್ದರೆ 11 ಮೀಟರ್, ಅಂದರೆ ಯಾವ ಮನೆ. ಐದು ಅಂಕಿ ಇದ್ದರೆ ಒಂದು ಮೀಟರ್.

ಒಂದು ಚುಕ್ಕಿಯಿಂದ ಏನೂ ಆಗಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಹತ್ತು ದಿನ ಒಂದೇ ಜಾಗದಲ್ಲಿರುವ ಫೋನ್‌ನ ಮನೆ ಅದೇ ಅಂತ ಹೇಳಲು ಹೆಸರು ಬೇಕಿಲ್ಲ. ಬೆಳಗ್ಗೆ ಹತ್ತರಿಂದ ಐದರವರೆಗೆ ಇರುವ ಜಾಗ ಕೆಲಸದ ಸ್ಥಳ. ತಿಂಗಳಿಗೊಮ್ಮೆ ಮೆಗ್ಗಾನ್ ಆಸ್ಪತ್ರೆಯ ಆವರಣದಲ್ಲಿ ಎರಡು ಗಂಟೆ ಇದ್ದರೆ, ಮನೆಯವರಿಗೂ ಹೇಳದ ವಿಷಯ ಇರಬಹುದು. 15 ಲಕ್ಷ ಜನರ 15 ತಿಂಗಳ ಮೊಬೈಲ್ ಓಡಾಟದ ಮಾಹಿತಿಯನ್ನು ಪರಿಶೀಲಿಸಿದ ಸಂಶೋಧನೆಯೊಂದು 2013ರಲ್ಲಿ ಪ್ರಕಟವಾಯಿತು. ಹೆಸರು, ನಂಬರ್ ಎಲ್ಲ ತೆಗೆದುಹಾಕಿದ್ದರೂ, ಒಬ್ಬ ವ್ಯಕ್ತಿ ಯಾವ ಹೊತ್ತಿಗೆ ಎಲ್ಲಿದ್ದ ಎಂಬ ನಾಲ್ಕೇ ನಾಲ್ಕು ಸಂಗತಿ ಗೊತ್ತಿದ್ದರೆ ಶೇ 95 ಮಂದಿಯನ್ನು ಗುಂಪಿನಿಂದ ಬೇರೆ ಮಾಡಿ ಗುರುತಿಸಬಹುದು ಎಂದು ಅದು ಹೇಳಿತು.

ನಮ್ಮ ರಾಜ್ಯದಲ್ಲಿ ಇದಕ್ಕೆ ಇನ್ನೊಂದು ಕೊಂಡಿ ಇದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ರೈತರಿಗೆಲ್ಲ ಪರಿಚಿತ. ಸರ್ವೆ ನಂಬರ್ ಸಿಕ್ಕರೆ ಭೂಮಿ ಪೋರ್ಟಲ್‌ನಲ್ಲಿ ಪಹಣಿ ನೋಡಬಹುದು, ಅದರಲ್ಲಿ ಮಾಲೀಕರ ಹೆಸರಿರುತ್ತೆ. ಎರಡೂ ರೈತರಿಗೆ ತುಂಬಾ ಉಪಯೋಗಕ್ಕೆ ಬಂದಿರುವ ವ್ಯವಸ್ಥೆಗಳು, ಮುಚ್ಚಿಡಬೇಕಾದವೂ ಅಲ್ಲ. ಆದರೆ ಮಲೆನಾಡಿನಲ್ಲಿ ಮನೆ ಇರುವುದು ತೋಟದ ನಡುವೆ. ಹೆಸರಿಲ್ಲದ ಲೊಕೇಶನ್ ಪಟ್ಟಿಯೊಂದು ಯಾರ ಕೈಗಾದರೂ ಸಿಕ್ಕರೆ, ರಾತ್ರಿಯ ಚುಕ್ಕಿಯಿಂದ ಸರ್ವೆ ನಂಬರ್, ಸರ್ವೆ ನಂಬರ್‌ನಿಂದ ಹೆಸರು. ನಗರದ ಅಪಾರ್ಟ್‌ಮೆಂಟ್‌ನಲ್ಲಿ ನೂರು ಮನೆಯ ನಡುವೆ ಇರುವವರಿಗಿಂತ ಒಂಟಿ ಮನೆಯವರನ್ನು ಗುರುತಿಸುವುದು ಸುಲಭ. ‘ಹಳ್ಳಿಯಲ್ಲಿರುವ ನಮ್ಮ ಡೇಟಾ ಯಾರಿಗೆ ಬೇಕು’ ಅನ್ನುವವರು ಇದನ್ನು ಯೋಚಿಸಬೇಕು.

ಪಟ್ಟಿ ಹೊರಗೆ ಹೋಗುವುದು ಹೇಗೆ ಅನ್ನೋದಕ್ಕೆ ಹಳೆಯ ಉದಾಹರಣೆ ಟಾರ್ಚ್ ಆ್ಯಪ್. ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಉಚಿತ ಆ್ಯಪ್ ಬಳಕೆದಾರರ ಲೊಕೇಶನ್ ಮತ್ತು ಫೋನ್‌ನ ಗುರುತಿನ ಸಂಖ್ಯೆಯನ್ನು ಜಾಹೀರಾತು ಕಂಪನಿಗಳಿಗೆ ಕಳಿಸುತ್ತಿತ್ತು ಎಂದು ಅಮೆರಿಕದ ವ್ಯಾಪಾರ ಆಯೋಗ 2013ರ ಡಿಸೆಂಬರ್‌ನಲ್ಲಿ ಆರೋಪಿಸಿ, ಕಂಪನಿಯನ್ನು ರಾಜಿ ಒಪ್ಪಂದಕ್ಕೆ ತಂದಿತು. ಕೋಟಿಗಟ್ಟಲೆ ಡೌನ್‌ಲೋಡ್ ಆಗಿದ್ದ ಆ್ಯಪ್ ಅದು. ಟಾರ್ಚ್ ಹಚ್ಚಲು ಊರು ಯಾವುದು ಅಂತ ಯಾಕೆ ಬೇಕು ಅಂತ ಯಾರೂ ಕೇಳಿರಲಿಲ್ಲ.

ಹೆಸರು ತೆಗೆದು ಪ್ರಕಟಿಸಿದರೂ ಎಡವಟ್ಟಾಗುತ್ತೆ. ವ್ಯಾಯಾಮದ ಆ್ಯಪ್ ಸ್ಟ್ರಾವಾ 2017ರ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಜನ ಓಡಿದ ದಾರಿಗಳ ನಕ್ಷೆ ಪ್ರಕಟಿಸಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಮರುಭೂಮಿಯ ನಡುವೆ ಮಿನುಗುತ್ತಿದ್ದ ಗೆರೆಗಳನ್ನು ಗಮನಿಸಿದ. ಅವು ಸೈನಿಕರು ನೆಲೆಯ ಸುತ್ತ ಬೆಳಗ್ಗೆ ಓಡಿದ ಹಾದಿಗಳಾಗಿದ್ದವು.

ಇದಕ್ಕೆಲ್ಲ ಮೊದಲು, ತನ್ನದೇ ಮಾಹಿತಿ ಹಿಡಿದು ಲೋಕಕ್ಕೆ ತೋರಿಸಿದವರು ಜರ್ಮನಿಯ ಗ್ರೀನ್ ಪಕ್ಷದ ರಾಜಕಾರಣಿ ಮಾಲ್ಟೆ ಸ್ಪಿಟ್ಜ್. ತನ್ನ ಮೊಬೈಲ್ ಕಂಪನಿ ವಿರುದ್ಧ ಕೋರ್ಟಿಗೆ ಹೋಗಿ ಆರು ತಿಂಗಳ ದಾಖಲೆ ಪಡೆದರು. 35 ಸಾವಿರಕ್ಕೂ ಹೆಚ್ಚು ಸಾಲುಗಳಿದ್ದ ಆ ಪಟ್ಟಿಯನ್ನು 2011ರಲ್ಲಿ ಜರ್ಮನಿಯ ‘ಝೈಟ್’ ಪತ್ರಿಕೆಯ ವೆಬ್‌ಸೈಟ್ ಓಡುವ ನಕ್ಷೆಯಾಗಿ ಪ್ರಕಟಿಸಿತು. ಯಾವ ರೈಲು ಹತ್ತಿದರು, ಎಷ್ಟು ಹೊತ್ತು ಮಲಗಿದರು ಎಲ್ಲ ಅದರಲ್ಲಿ ಕಾಣುತ್ತಿತ್ತು. ಅದೂ ಬರೀ ಟವರ್ ಮಾಹಿತಿ, ಈಗಿನಂತೆ ಆ್ಯಪ್‌ಗಳ ಜಿಪಿಎಸ್ ಅಲ್ಲ.

‘ಬೇಡ’ ಅನ್ನಲು ಆಗದವರ ಕಥೆ ಏನು?

ಸೆಟ್ಟಿಂಗ್ ಬದಲಾಯಿಸಿ ಎಂದು ಹೇಳೋದು ಸುಲಭ. ಆದರೆ ಕೆಲಸಕ್ಕಾಗಿಯೇ ಆ್ಯಪ್ ಹಾಕಿಕೊಂಡವರಿಗೆ ಆ ಸ್ವಾತಂತ್ರ್ಯ ಇಲ್ಲ. ನರೇಗಾ ಕಾಮಗಾರಿಗಳಲ್ಲಿ ದಿನಕ್ಕೆರಡು ಬಾರಿ ಜಾಗದ ಗುರುತಿರುವ ಫೋಟೊ ಹಾಕಿ ಹಾಜರಾತಿ ತೋರಿಸುವ ಎನ್‌ಎಂಎಂಎಸ್ ಆ್ಯಪ್ 2023ರ ಜನವರಿ 1ರಿಂದ ಕಡ್ಡಾಯವಾಯಿತು. ಫೋಟೊ ಹೋಗದಿದ್ದರೆ ಕೂಲಿಗೇ ಕುತ್ತು. ಡೆಲಿವರಿ ಹುಡುಗರಿಗೆ ಲೊಕೇಶನ್ ಆಫ್ ಮಾಡಿದರೆ ಆರ್ಡರ್ ಇಲ್ಲ. ಕೋವಿಡ್ ಶುರುವಾದಾಗ, 2020ರ ಮಾರ್ಚ್ ಕೊನೆಯಲ್ಲಿ, ಮನೆಯಲ್ಲಿ ಕ್ವಾರಂಟೈನ್ ಆದವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂದು ರಾಜ್ಯ ಸರ್ಕಾರ ಹೇಳಿತ್ತು. ಸೆಲ್ಫಿಯ ಜೊತೆ ಜಿಪಿಎಸ್ ಗುರುತೂ ಹೋಗುತ್ತಿತ್ತು.

ಇಂಥ ವ್ಯವಸ್ಥೆಗಳಿಗೆ ಕಾರಣ ಇಲ್ಲದಿಲ್ಲ. ಸುಳ್ಳು ಹಾಜರಾತಿಯ ಸಮಸ್ಯೆ ನಿಜ. ಆದರೆ ಕೆಲಸದ ಅವಧಿ ಮುಗಿದ ಮೇಲೂ ಆ್ಯಪ್ ಲೊಕೇಶನ್ ಓದುತ್ತಾ? ಸಂಗ್ರಹಿಸಿದ್ದು ಎಷ್ಟು ವರ್ಷ ಇರುತ್ತೆ? ಯಾರು ನೋಡಬಹುದು? ಈ ಮೂರು ಪ್ರಶ್ನೆಗೆ ಉತ್ತರ ಕೇಳುವ ಹಕ್ಕು ಕೆಲಸ ಮಾಡುವವರಿಗಿದೆ. ಸರ್ಕಾರಿ ಇಲಾಖೆಯ ಆ್ಯಪ್ ಆದರೆ ಮಾಹಿತಿ ಹಕ್ಕು ಅರ್ಜಿ ಹಾಕಿಯೇ ಕೇಳಬಹುದು. ಅಲ್ಲಿಯವರೆಗೆ ‘ಆ್ಯಪ್ ಬಳಸುವಾಗ ಮಾತ್ರ’ ಎಂಬ ಪರ್ಮಿಷನ್ ಕೊಟ್ಟು, ಡ್ಯೂಟಿ ಮುಗಿದ ಮೇಲೆ ಲೊಕೇಶನ್ ಆಫ್ ಮಾಡಬಹುದು.

ಅಕ್ಷಾಂಶ, ರೇಖಾಂಶ, ದಿನಾಂಕ ಎಲ್ಲ ಫೋಟೊ ಮೇಲೇ ಅಚ್ಚಾಗುವ ಜಿಪಿಎಸ್ ಕ್ಯಾಮೆರಾ ಆ್ಯಪ್‌ಗಳ ಬಳಕೆಯೂ ಜೋರಾಗಿದೆ. ಕಾಮಗಾರಿಯ ಫೋಟೊಗೆ ಅದು ಸರಿ. ಅದೇ ಆ್ಯಪ್‌ನಲ್ಲಿ ಮಕ್ಕಳ ಫೋಟೊ, ಮನೆಯ ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ಮನೆಯ ವಿಳಾಸ ಬರೆದು ಹಂಚಿದ ಹಾಗೆ. ಮಾಮೂಲಿ ಕ್ಯಾಮೆರಾದಲ್ಲೂ ಲೊಕೇಶನ್ ಟ್ಯಾಗ್ ಆನ್ ಇದ್ದರೆ ಫೋಟೊ ಒಳಗೆ ಜಾಗ ಸೇರಿರುತ್ತೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತೆ.

ಸಾಲದ ಆ್ಯಪ್‌ಗಳಿಗೆ ಆರ್‌ಬಿಐ ನಿಯಮ

ಸಾಲ ಕೊಡುವ ಆ್ಯಪ್‌ಗಳು ಫೋನ್‌ನ ಕಾಂಟ್ಯಾಕ್ಟ್ ಪಟ್ಟಿ, ಕಾಲ್ ದಾಖಲೆ, ಫೋಟೊ ಮತ್ತು ಫೈಲ್‌ಗಳನ್ನು ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಕ್ಯಾಮೆರಾ, ಮೈಕ್, ಲೊಕೇಶನ್ ಬೇಕಾದರೆ ಗ್ರಾಹಕರ ಒಪ್ಪಿಗೆ ಪಡೆದು, ಕೆವೈಸಿಗಾಗಿ ಒಮ್ಮೆ ಮಾತ್ರ ಬಳಸಬಹುದು. ಹಾಗಾಗಿ ಕಾಂಟ್ಯಾಕ್ಟ್ ಕೇಳುವ ಸಾಲದ ಆ್ಯಪ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ನಿಯಮ ಮೀರಿದ್ದು ಅನ್ನೋದಕ್ಕೆ ಬೇರೆ ಪುರಾವೆ ಬೇಡ.

ಕಾನೂನು ಏನು ಹೇಳುತ್ತೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರ್‌ನಲ್ಲಿ, ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಭಾಗಗಳಿಗೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ.

ಈ ಕಾಯ್ದೆಯಲ್ಲಿ ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ. ಒಪ್ಪಿಗೆ ಕೇಳುವಾಗ ಕೊಡುವ ವಿವರವನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಇದೆ. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಮಾಹಿತಿಯನ್ನು ಸುರಕ್ಷಿತವಾಗಿ ಇಟ್ಟುಕೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು. ಆದರೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲೂ ಇದೇ ಕಾಯ್ದೆಯಲ್ಲಿ ಅವಕಾಶ ಇದೆ, ಟೀಕೆ ಬಂದಿರುವುದು ಅದಕ್ಕೇ.

ಈಗಲೇ ಬದಲಾಯಿಸಬಹುದಾದ ಸೆಟ್ಟಿಂಗ್‌ಗಳು

ಫೋನ್ ಕಂಪನಿಗೆ ತಕ್ಕಂತೆ ಹೆಸರು ಸ್ವಲ್ಪ ಬೇರೆ ಇರಬಹುದು. ಆ್ಯಂಡ್ರಾಯ್ಡ್ 12 ಅಥವಾ ನಂತರದ ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಡ್ಯಾಶ್‌ಬೋರ್ಡ್’ ತೆರೆಯಿರಿ. ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಯಾವ ಹೊತ್ತಿಗೆ ಲೊಕೇಶನ್, ಮೈಕ್, ಕ್ಯಾಮೆರಾ ಬಳಸಿತು ಎಂದು ತೋರಿಸುತ್ತೆ. ರಾತ್ರಿ ಮೂರಕ್ಕೆ ಲೊಕೇಶನ್ ಓದಿದ ಆ್ಯಪ್ ಕಂಡರೆ ಅದರ ಪರ್ಮಿಷನ್ ತೆಗೆಯಿರಿ. ಹವಾಮಾನ, ಸುದ್ದಿ, ಶಾಪಿಂಗ್ ಆ್ಯಪ್‌ಗಳಿಗೆ ‘ಪ್ರಿಸೈಸ್’ ಬದಲು ‘ಅಪ್ರಾಕ್ಸಿಮೇಟ್’ ಲೊಕೇಶನ್ ಸಾಕು. ಆಗ ಅವಕ್ಕೆ ಸಿಗುವುದು ಸುಮಾರು 3 ಚದರ ಕಿಲೋಮೀಟರ್ ಪ್ರದೇಶ ಮಾತ್ರ. ಐಫೋನ್‌ನಲ್ಲೂ ‘ಪ್ರಿಸೈಸ್ ಲೊಕೇಶನ್’ ಆಫ್ ಮಾಡಬಹುದು.

ಕ್ರೋಮ್‌ನಲ್ಲಿ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ‘ಮೋಷನ್ ಸೆನ್ಸರ್ಸ್’ ಆಫ್ ಮಾಡಿ. ದಿನನಿತ್ಯದ ಬಳಕೆಗೆ ಏನೂ ತೊಂದರೆ ಆಗಲ್ಲ.

ಆ್ಯಂಡ್ರಾಯ್ಡ್ 10ರಿಂದ ಎಲ್ಲ ಸೆನ್ಸರ್‌ಗಳನ್ನು ಒಟ್ಟಿಗೆ ನಿಲ್ಲಿಸುವ ಬಟನ್ ಕೂಡ ಇದೆ, ಆದರೆ ಹುಡುಕಿಕೊಂಡು ಹೋಗಬೇಕು. ‘ಅಬೌಟ್ ಫೋನ್’ನಲ್ಲಿ ‘ಬಿಲ್ಡ್ ನಂಬರ್’ ಮೇಲೆ ಏಳು ಬಾರಿ ಒತ್ತಿದರೆ ‘ಡೆವಲಪರ್ ಆಪ್ಷನ್ಸ್’ ತೆರೆದುಕೊಳ್ಳುತ್ತೆ. ಅದರಲ್ಲಿ ‘ಕ್ವಿಕ್ ಸೆಟ್ಟಿಂಗ್ಸ್ ಡೆವಲಪರ್ ಟೈಲ್ಸ್’ಗೆ ಹೋಗಿ ‘ಸೆನ್ಸರ್ಸ್ ಆಫ್’ ಆನ್ ಮಾಡಿ. ಟಾರ್ಚ್, ವೈಫೈ ಬಟನ್‌ಗಳ ಸಾಲಿನಲ್ಲಿ ಹೊಸ ಬಟನ್ ಬರುತ್ತೆ. ಆ ಪಟ್ಟಿಯ ಬೇರೆ ಆಯ್ಕೆಗಳನ್ನು ಗೊತ್ತಿಲ್ಲದೆ ಮುಟ್ಟಬೇಡಿ. ಆ ಬಟನ್ ಒತ್ತಿದಾಗ ಕ್ಯಾಮೆರಾ ಕೆಲಸ ಮಾಡಲ್ಲ, ಕ್ಯೂಆರ್ ಸ್ಕ್ಯಾನ್ ಆಗಲ್ಲ, ಸ್ಕ್ರೀನ್ ತಿರುಗಲ್ಲ. ಬೇಕಾದಾಗ ಮತ್ತೆ ಒತ್ತಿದರೆ ಎಲ್ಲ ವಾಪಸ್ ಬರುತ್ತೆ. ಸರಿಯಾಗಿ ಆಫ್ ಆಗಿದೆಯಾ ಅಂತ ಅನುಮಾನ ಇದ್ದರೆ ಫೈಫಾಕ್ಸ್ ತೆರೆದು ಫೋನ್ ಅಲುಗಾಡಿಸಿ ನೋಡಿ, ಗೆರೆ ಕದಲಬಾರದು.